ಕೂತು ಹೋಗುವವರ ಗಾಡಿ

ಹೋದ ತಿಂಗಳು ತಿಪಟೂರಿನಲ್ಲಿ ಹೊಸ ಶವವಾಹನವೊಂದನ್ನು ಊರಿಗೆ ಒಪ್ಪಿಸುವ ಸಮಾರಂಭ ನಡೆಯಿತು. ವಾಹನದ ಒಳಗೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಗೆ ತಂಪು ಹಾಯಿಸುವ ಯಂತ್ರ, ಪಕ್ಕದಲ್ಲಿ ಬಂಧುಗಳು ಕೂರಲು ಮೆತ್ತನೆಯ ಆಸನ. ಹಳೆಯ ಚಾಲಕನೆಂದು ನನ್ನನ್ನೂ ಕರೆಸಿ ಶಾಲು ಹೊದಿಸಿದರು. ಹಿಂದಿನ ಬಾಗಿಲು ತೆರೆದಾಗ ಹೊಸ ಬಣ್ಣದ ವಾಸನೆಯ ಜೊತೆಗೆ ಸೇವಂತಿಗೆ ಮತ್ತು ವಿಭೂತಿಯ ವಾಸನೆ ಬೆರೆತು ಮುಖಕ್ಕೆ ಬಂತು; ನನ್ನ ಎಡಗೈ ತಾನಾಗಿಯೇ ಗೇರಿನ ಹಿಡಿಯನ್ನು ಹುಡುಕಿತು.

ಅಂದು ಹಂಚಿದ ಪುಸ್ತಿಕೆಯಲ್ಲಿ ಈ ಸೀಮೆಯ ಮೊದಲ ಶವವಾಹನದ ಕಥೆಯಿದೆ. ಕೊಬ್ಬರಿ ಮಂಡಿಯ ಗುರುಶಾಂತಪ್ಪನವರು ಜನರ ಕಷ್ಟ ನೋಡಲಾರದೆ ಅದನ್ನು ದಾನವಾಗಿ ಕೊಟ್ಟರಂತೆ. ಚನ್ನಬಸಪ್ಪನೆಂಬ ಚಾಲಕ ಅದನ್ನು ಶಿವಸೇವೆಯೆಂದು ಭಾವಿಸಿ ಭಕ್ತಿಯಿಂದ ಓಡಿಸಿದನಂತೆ. ಆ ಚನ್ನಬಸಪ್ಪ ನಾನು. ನಾನು ಏಳನೆಯ ತರಗತಿ ದಾಟಿದವನಲ್ಲ. ಆದರೆ ಅಚ್ಚಾದದ್ದೆಲ್ಲ ನಿಜವಲ್ಲ ಎಂದು ತಿಳಿಯುವಷ್ಟು ಓದಿಕೊಂಡಿದ್ದೇನೆ. ಗುರುಶಾಂತಪ್ಪನವರು ಕೊಟ್ಟದ್ದು, ಗಾಡಿಯ ಮಾಡು ಎತ್ತರಿಸುವಾಗ, ತಮ್ಮ ಗೋಡೌನಿನ ಮಾಡಿನಿಂದ ಇಳಿಸಿದ ನಾಲ್ಕು ಹಳೆಯ ತಗಡುಗಳನ್ನು. ಆ ತಗಡಿನ ಮೇಲೆ ತಮ್ಮ ಹೆಸರು ಬರೆಸಿದ್ದರಿಂದ ಗಾಡಿಯೇ ಅವರದೆಂದು ಜನ ತಿಳಿದುಕೊಂಡರು. ಇನ್ನು ನನ್ನ ಭಕ್ತಿಯ ವಿಷಯ. ಅದನ್ನು ನಾನೇ ಹೇಳಬೇಕು. ಆ ವರ್ಷವನ್ನು ಹತ್ತಿರದಿಂದ ಕಂಡವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಹಳ್ಳಿ ದಂಡಿನಶಿವರದಿಂದ ನಡೆದು ಹೋಗುವಷ್ಟು ದೂರ. ತಂದೆ ತೀರಿಹೋಗಿ ಮನೆ ಭಾಗವಾದಾಗ ನನ್ನ ಪಾಲಿನ ತೆಂಗಿನ ತೋಟವನ್ನು ಅಣ್ಣನಿಗೇ ಬಿಟ್ಟು, ಬದಲಿಗೆ ಒಂದು ಹಳೆಯ ವ್ಯಾನು ಕೊಡಿಸಿಕೊಂಡಿದ್ದೆ. ಮರ ಹತ್ತಿಸಿ, ಕಾಯಿ ಕೆಡವಿಸಿ, ವರ್ಷವಿಡೀ ಅಟ್ಟದ ಮೇಲೆ ಕೊಬ್ಬರಿಯಾಗುವುದನ್ನು ಕಾಯುವ ಬಾಳು ನನಗೆ ಬೇಡವಾಗಿತ್ತು. ಊರೂರಿನ ಅಟ್ಟಗಳಿಂದ ಕೊಬ್ಬರಿ ಇಳಿಸಿ ತಿಪಟೂರಿನ ಮಂಡಿಗೆ ಸಾಗಿಸುವುದು, ಮದುವೆಯ ಕಾಲದಲ್ಲಿ ಪಾತ್ರೆ ಪಡಗ, ಚಪ್ಪರದ ಸಾಮಾನು ಹೊರುವುದು, ಇದು ನನ್ನ ಕಸುಬು. ಮಾಯಸಂದ್ರದಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಗಂಗಾಧರಪ್ಪನವರ ಮಗಳು ಗಿರಿಜೆಯನ್ನು ನನಗೆ ಕೊಡುವುದೆಂದು ಮಾತಾಗಿತ್ತು. ದೀಪಾವಳಿ ಕಳೆದ ಮೇಲೆ ಮದುವೆ.

ಊರಿನಲ್ಲಿ ನನಗೆ ಇನ್ನೊಬ್ಬರ ಬಲವಿತ್ತು. ನಿವೃತ್ತರಾಗಿ ನಮ್ಮ ಹಳ್ಳಿಯಲ್ಲೇ ನೆಲೆಸಿದ್ದ ಶಿವಲಿಂಗಯ್ಯ ಮೇಷ್ಟ್ರು. ಶಾಲೆ ಬಿಟ್ಟವನಿಗೆ ಪುಸ್ತಕ ಕೊಟ್ಟು ಓದಿಸಿದವರು ಅವರು. ನಾನು ಯಾವ ಸುದ್ದಿ ಹೇಳಿದರೂ ಕನ್ನಡಕ ತೆಗೆದು, “ನೋಡಿದೋರು ಯಾರು? ಅವರ ಹೆಸರು ಹೇಳು ಮೊದ್ಲು” ಎನ್ನುತ್ತಿದ್ದರು. ಈ ಒಂದು ಪ್ರಶ್ನೆಯಿಂದ ನಾನು ಆಮೇಲೆ ಎಷ್ಟೋ ಜನರ ವಿರೋಧ ಕಟ್ಟಿಕೊಂಡಿದ್ದೇನೆ.

ಆ ವರ್ಷದ ಆಷಾಢದಲ್ಲಿ ಗಾಳಿಯೇ ಹೆಚ್ಚು, ಮಳೆ ಕಡಿಮೆ. ತೆಂಗಿನ ಗರಿಗಳು ಹಗಲೂ ರಾತ್ರಿ ಒಂದಕ್ಕೊಂದು ಉಜ್ಜಿಕೊಂಡು ಸದ್ದು ಮಾಡುತ್ತಿದ್ದವು. ಒಂದು ಬೆಳಿಗ್ಗೆ ತುಮಕೂರಿನಲ್ಲಿ ಮೂಟೆ ಇಳಿಸಿ ಹೊರಟಿದ್ದೆ. ಆಸ್ಪತ್ರೆಯೊಂದರ ಗೇಟಿನ ಬಳಿ ದಂಡಿನಶಿವರದ ಮರುಳಪ್ಪ ಎಂಬಾತ ನನ್ನ ಗಾಡಿಗೆ ಅಡ್ಡ ನಿಂತ.

“ಅಣ್ಣಾ, ತುರುವೇಕೆರೆ ಕಡೆ ಗಾಡಿ ಅಲ್ವಾ? ನಮ್ಮಪ್ಪ ಹೋಗ್ಬುಟ್ರು ಕಣಣ್ಣ. ಬಾಡಿಗೆ ಗಾಡಿಯೋರು ಮಲಗಿಸ್ಕೊಂಡೇ ಹೋಗಾದು ಅಂತಾರೆ. ಮೈ ಇನ್ನೂ ಬಿಸಿ ಐತೆ. ಊರು ಮುಟ್ಟೋ ಹೊತ್ಗೆ ಸೆಟ್ಕೊಂಡ್ರೆ ಕೂರ್ಸೋದೆಂಗೆ?”

ಅವನ ಸಂಕಟ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ವೀರಶೈವ ಮನೆಗಳಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಕಾಲು ಮಡಿಸಿ ಪದ್ಮಾಸನದಲ್ಲಿ ಕೂರಿಸುತ್ತೇವೆ. ಎಡ ಅಂಗೈಯಲ್ಲಿ ಲಿಂಗವಿಟ್ಟು, ಬಿದಿರಿನ ವಿಮಾನದಲ್ಲಿ ಕೂತಂತೆಯೇ ಹೊತ್ತು, ತೋಟದಲ್ಲಿ ಚೌಕವಾಗಿ ತೋಡಿದ ಗುಣಿಯಲ್ಲಿ ಕೂತಂತೆಯೇ ಇಳಿಸುತ್ತೇವೆ. ಮನೆಯಲ್ಲಿ ಸತ್ತರೆ ತೊಂದರೆಯಿಲ್ಲ. ಆದರೆ ಜನ ದೂರದ ಆಸ್ಪತ್ರೆಗಳಲ್ಲಿ ಸಾಯಲು ತೊಡಗಿದ್ದರು. ಕೆಲವೇ ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುತ್ತದೆ. ಮಲಗಿಸಿ ತಂದವರು ಮಲಗಿದಂತೆಯೇ ಉಳಿಯುತ್ತಾರೆ.

ವ್ಯಾನಿನ ಹಿಂದಿನ ತಗಡಿನ ಡಬ್ಬಿ ಮೂಟೆಗೆಂದು ಮಾಡಿಸಿದ್ದು. ಅಲ್ಲಿ ಯಾರೇ ಕೂತರೂ ಕತ್ತು ಬಗ್ಗಿಸಬೇಕು. ಆದ್ದರಿಂದ ಮರುಳಪ್ಪನ ತಂದೆ ನಂಜಪ್ಪನವರನ್ನು ಮುಂದಿನ ಉದ್ದ ಸೀಟಿನಲ್ಲೇ, ಕಿಟಕಿಯ ಪಕ್ಕಕ್ಕೆ, ಕಾಲು ಮಡಿಸಿ ಕೂರಿಸಿದೆವು. ತಲೆಗೆ ರುಮಾಲು ಸುತ್ತಿ, ಬೆನ್ನಿಗೆ ಖಾಲಿ ಗೋಣಿಚೀಲ ಒತ್ತುಕೊಟ್ಟು, ಎದೆಗೆ ಪಂಚೆ ಕಟ್ಟಿದೆವು. ಮರುಳಪ್ಪ ನಡುವೆ ಕೂತು ತಂದೆಯ ಭುಜ ಹಿಡಿದುಕೊಂಡ.

ಗುಬ್ಬಿ ದಾಟಿದ ಮೇಲೆ ರೈಲ್ವೆ ಗೇಟು ಹಾಕಿತ್ತು. ನಿಂತ ಗಾಡಿಯ ಕಿಟಕಿಗೆ ಒಬ್ಬ ರೈತ ಬಂದ. ಹೆಗಲ ಮೇಲೆ ಬಿತ್ತನೆ ರಾಗಿಯ ಚೀಲ.

“ಯಜಮಾನ್ರೇ, ಒಸಿ ಸರ್ಕೊಳ್ರೀ. ಮುಂದಿನ ಊರಿಗೆ ಇಳ್ಕೊತೀನಿ.”

ನಂಜಪ್ಪನವರು ಸರಿಯಲಿಲ್ಲ.

“ಏನ್ರೀ, ಮಾತಾಡಿದ್ರೆ ಮುತ್ತು ಉದುರ್ತವಾ? ಏನು ಜಂಬಾನಪ್ಪ! ಸೀಟು ನಿಮ್ಮಪ್ಪನ ಮನೇದಾ?”

ಮರುಳಪ್ಪ ತಗ್ಗಿದ ದನಿಯಲ್ಲಿ, “ನಮ್ಮಪ್ಪನೇ ಕಣಣ್ಣ ಅವ್ರು. ತೀರ್ಕೊಂಡವ್ರೆ” ಎಂದ.

ಆ ರೈತ ರಾಗಿ ಚೀಲವನ್ನು ಅಲ್ಲೇ ಹಾಕಿ ಓಡಿದ. ಮರುಳಪ್ಪ ಅಳುತ್ತಿದ್ದವನು ನಕ್ಕುಬಿಟ್ಟ. ನಕ್ಕದ್ದಕ್ಕೆ ನಾಚಿ ಮತ್ತೆ ಅತ್ತ. ಈ ಪ್ರಸಂಗ ವಾರದೊಳಗೆ ಮೂರು ರೂಪಗಳಲ್ಲಿ ನನ್ನ ಕಿವಿಗೇ ಬಂತು. ಹೆಣ ತಿರುಗಿ ನೋಡಿತೆಂದು ಒಬ್ಬರು, ‘ಜಾಗವಿಲ್ಲ’ ಎಂದು ಉತ್ತರ ಕೊಟ್ಟಿತೆಂದು ಇನ್ನೊಬ್ಬರು, ನಾನು ತೂಕಡಿಸಿದಾಗ ಅದೇ ಸ್ಟೇರಿಂಗು ಹಿಡಿಯಿತೆಂದು ಮತ್ತೊಬ್ಬರು. ನೋಡಿದವರು ಯಾರೆಂದು ಕೇಳಿದರೆ ಯಾರೂ ಇಲ್ಲ. ನೋಡಿದವನು ನಾನು, ನನ್ನ ಮಾತು ಯಾರಿಗೂ ಬೇಕಿರಲಿಲ್ಲ.

ದಂಡಿನಶಿವರದಲ್ಲಿ ನಂಜಪ್ಪನವರನ್ನು ಇಳಿಸಿಕೊಂಡ ಹಿರಿಯರು ಅವರ ಮಡಿಸಿದ ಕಾಲುಗಳನ್ನು ಕಂಡು ನನ್ನ ಕೈ ಹಿಡಿದುಕೊಂಡರು. “ಆಸನ ಎಂಗೈತೆ ನೋಡ್ಲಾ! ಪೂಜೆಗೆ ಕೂತಂಗವ್ರೆ” ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆ ಹೊಗಳಿಕೆಯಿಂದಲೇ ನಾನು ಸಿಕ್ಕಿಬಿದ್ದೆ. ಕೂರಿಸಿಕೊಂಡು ತರುವ ಗಾಡಿಯೊಂದಿದೆ ಎಂಬ ಸುದ್ದಿ ಮೂರು ತಾಲ್ಲೂಕಿಗೂ ಹರಡಿತು. ಶ್ರಾವಣ ಬರುವ ಹೊತ್ತಿಗೆ ಹೆಗಲ ಮೇಲೆ ಟವೆಲು ಹಾಕಿಕೊಂಡು ನಮ್ಮ ಜಗಲಿಯ ಮುಂದೆ ಬಂದು ನಿಲ್ಲುವವರು ಹೆಚ್ಚಾದರು. ಹಾಗೆ ಬಂದು ನಿಂತವನಿಗೆ ಆಗುವುದಿಲ್ಲ ಎಂದು ಹೇಳುವುದು ಹೇಗೆ? ಬೇರೆ ಯಾವ ಬಾಡಿಗೆಯನ್ನಾದರೂ ನಿರಾಕರಿಸಬಹುದು, ನಾಳೆ ಬಾ ಎನ್ನಬಹುದು. ಇದಕ್ಕೆ ನಾಳೆ ಎಂಬುದಿಲ್ಲ.

ಶ್ರಾವಣದ ಸೋನೆಯಲ್ಲಿ ಒಂದು ದಿನ ಚಿಕ್ಕನಾಯಕನಹಳ್ಳಿ ಕಡೆಯ ಕೊಬ್ಬರಿ ಹೇರಿಕೊಂಡು ಗುರುಶಾಂತಪ್ಪನವರ ಮಂಡಿಗೆ ಹೋದೆ. ಅವರು ಗದ್ದುಗೆಯಿಂದ ಇಳಿಯದೆ ಕೈಯೆತ್ತಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು.

“ಆ ಗಾಡೀಲಿ ಇನ್ಮೇಲೆ ನಮ್ಮ ಕೊಬ್ಬರಿ ಬ್ಯಾಡ ಕಣಪ್ಪ.”

“ಯಾಕೆ ಸಾವ್ಕಾರ್ರೇ? ನಮ್ಮ ಧರ್ಮದಾಗೆ ಸಾವಿನ ಸೂತಕವೇ ಇಲ್ಲ. ಶರಣರು ಅದನ್ನ ಕಿತ್ತಾಕಿ ಎಷ್ಟು ಕಾಲ ಆಯ್ತು? ನೀವೇ ಮಠದಾಗೆ ಮುಂದ್ಗಡೆ ಕೂತು ತಲೆ ಆಡಿಸ್ಕೊಂಡು ಕೇಳ್ತೀರಿ.”

“ಧರ್ಮದಾಗೆ ಇಲ್ಲ ಕಣಪ್ಪ, ಒಪ್ತೀನಿ. ಮಂಡೀಲಿ ಐತೆ. ಇದು ಉತ್ತರ ದೇಶದಾಗೆ ಮದುವೆ ಮನೆಗೆ, ದೇವರ ಮನೆಗೆ ಹೋಗೋ ಕೊಬ್ಬರಿ. ಯಾವುದ್ರಾಗೆ ಬಂತು ಅಂತ ನಾಳೆ ಒಬ್ಬ ಕೇಳಿದ್ರೆ ನಿನ್ನ ಶರಣರನ್ನ ಕರ್ಕೊಂಡು ಬತ್ತೀಯಾ?” ಎಂದವರು, ನಾನು ಬಾಗಿಲಿಂದ ಹೊರಟಾಗ ದನಿ ಮೆದು ಮಾಡಿ, “ನನ್ನ ಕಾಲ ಬಂದಾಗ ನೀನೇ ಬರ್ಬೇಕು ಕಣ್ಲಾ. ಅದು ಬ್ಯಾರೆ ಮಾತು” ಎಂದರು. ಹಮಾಲಿಗಳು ನಕ್ಕರು.

ನಾನು ವಾದದಲ್ಲಿ ಗೆದ್ದಿದ್ದೆ. ಕೊಬ್ಬರಿ ಮಾತ್ರ ಅಂದಿನಿಂದ ಬೇರೆಯವರ ಗಾಡಿಗೆ ಹೋಯಿತು. ವ್ಯಾನನ್ನು ಕೆರೆಯಲ್ಲಿ ತೊಳೆದೆ. ಸೀಟಿಗೆ ಹೊಸ ರೆಕ್ಸಿನ್ ಹೊಲಿಸಿದೆ. ನೀಲಿ ಇದ್ದದ್ದಕ್ಕೆ ಹಸಿರು ಬಣ್ಣ ಬಳಿಸಿದೆ. ಜನ ಅದನ್ನು ‘ಹಸಿರು ಬಣ್ಣದ ಹೆಣದ ಗಾಡಿ’ ಎಂದು ಕರೆದರು, ಅಷ್ಟೇ. ಮದುವೆಯ ಪಾತ್ರೆಗಳು ಎತ್ತಿನ ಗಾಡಿಗೆ ಹಿಂದಿರುಗಿದವು. ಮಾರೋಣವೆಂದರೆ ಕೊಳ್ಳಲು ಬಂದವನು ಸಂತೆಯಲ್ಲಿ ಚಹಾ ಕುಡಿದು ಬರುತ್ತೇನೆಂದು ಹೋದ; ಚಹಾ ಅಂಗಡಿಯವನು ಏನು ಹೇಳಿದನೋ, ಮತ್ತೆ ಬರಲಿಲ್ಲ. ಕೊಟ್ಟ ತೋಟವನ್ನು ಅಣ್ಣನಲ್ಲಿ ಮರಳಿ ಕೇಳುವ ಮುಖ ನನಗಿರಲಿಲ್ಲ. ಬಿಡಲಾರದ, ಮಾರಲಾರದ, ಬೇರೆಯದಕ್ಕೆ ಬಳಸಲಾರದ ಗಾಡಿಯೊಳಗೆ ದಿನವೂ ಹತ್ತಿ ಕೂರುತ್ತಿದ್ದೆ.

ಭಾದ್ರಪದದಲ್ಲಿ ಗಂಗಾಧರಪ್ಪನವರು ನಮ್ಮ ಹಳ್ಳಿಗೆ ಬಂದರು. ಮಾತು ಮುಗಿಸಿ ಹೊರಡುವಾಗ ಬಸ್ಸು ತಪ್ಪಿತ್ತು. ಮಾಯಸಂದ್ರಕ್ಕೆ ಬಿಡುತ್ತೇನೆಂದು ಮುಂದಿನ ಬಾಗಿಲು ತೆಗೆದೆ. ಅವರು ಆ ಸೀಟನ್ನು ನೋಡಿದರು, ನನ್ನನ್ನು ನೋಡಿದರು, ಹಿಂದಿನ ಡಬ್ಬಿಗೆ ಹತ್ತಿ, ಕತ್ತು ಬಗ್ಗಿಸಿಕೊಂಡು ಖಾಲಿ ಚೀಲಗಳ ಮೇಲೆ ಕೂತರು. ದಾರಿಯುದ್ದಕ್ಕೂ ಹಾಗೆಯೇ ಬಂದರು. ಅಂಗಡಿಯ ಮುಂದೆ ಇಳಿದು ಕತ್ತು ನೀವಿಕೊಳ್ಳುತ್ತ ಹೇಳಿದರು:

“ಗಿರಿಜೆ ನಿಮ್ಮನ್ನೇ ಆಗ್ತೀನಿ ಅಂತಾಳೆ. ನಾನೂ ಮಾತಿಗೆ ತಪ್ಪೋನಲ್ಲ. ಆದ್ರೆ ಅಂಗಡೀಗೆ ಬರೋರೆಲ್ಲ ಕೇಳ್ತಾವ್ರೆ, ‘ಹೆಣದ ಗಾಡಿಯೋನಿಗೆ ಕೊಡ್ತೀರಂತೆ’ ಅಂತ. ದೀಪಾವಳಿ ತನಕ ಒಂದು ಹೆಣಾನೂ ಹತ್ತಿಸ್ಬ್ಯಾಡಿ. ಜನ ಮರೀತಾರೆ. ಹತ್ತಿಸಿದ್ರೋ, ಈ ಮಾತು ಅಲ್ಲಿಗೆ ಬುಟ್ಬುಡಾನ.”

ಅವರು ಒಳಗೆ ಹೋದ ಮೇಲೆ ಗಿರಿಜೆ ಮಜ್ಜಿಗೆ ತಂದಳು. ಅವಳು ನನ್ನೊಡನೆ ಒಂಟಿಯಾಗಿ ಮಾತನಾಡಿದ್ದು ಅದೊಂದೇ ಸಲ.

“ನಂಗೇನು ಭಯ ಇಲ್ಲ ಕಣ್ರೀ. ಅಪ್ಪಂಗೈತೆ. ಅಪ್ಪನ್ನ ಎದುರು ಹಾಕ್ಕೊಂಡು ಬರಾಕೆ ನನ್ನ ಕೈಲಾಗಲ್ಲ. ಎರಡು ತಿಂಗ್ಳು ತಡ್ಕೊಳ್ಳಿ.”

ಎರಡು ತಿಂಗಳು. ಅಷ್ಟು ತಾನೆ ಎಂದುಕೊಂಡೆ. ವ್ಯಾನನ್ನು ಅಣ್ಣನ ತೋಟದ ನಡುವೆ ನಿಲ್ಲಿಸಿ, ಉದುರಿದ ತೆಂಗಿನ ಗರಿಗಳನ್ನು ಎಳೆತಂದು ಮೇಲೆ ಹೊದಿಸಿದೆ. ದಾರಿಯಿಂದ ನೋಡಿದರೆ ಗರಿಯ ರಾಶಿಯೆಂದೇ ಕಾಣಬೇಕು. ಬಂದವರಿಗೆ ಆಕ್ಸಲ್ ಮುರಿದಿದೆ, ತಿಪಟೂರಿನಲ್ಲಿ ಬಿಟ್ಟಿದ್ದೇನೆ ಎಂದು ಹೇಳತೊಡಗಿದೆ. ಹೀಗೆ ಮೂವರನ್ನು ಕಳಿಸಿದೆ. ಒಂದೊಂದು ಸಲವೂ ಆಕ್ಸಲ್ ಮುರಿದ ಬಗೆಯನ್ನು ಇನ್ನಷ್ಟು ವಿವರವಾಗಿ ಹೇಳುತ್ತಿದ್ದೆನೆಂದು ನೆನಪಿದೆ. ಊರಿನವರ ಕಟ್ಟುಕಥೆಗಳನ್ನು ಹಂಗಿಸುತ್ತಿದ್ದವನು ಅವರಿಗಿಂತ ಚೆನ್ನಾಗಿ ಕಟ್ಟುವುದನ್ನು ಕಲಿತಿದ್ದೆ.

ದಸರೆ ಕಳೆದಿತ್ತು. ಹಿಂಗಾರಿನ ಮೋಡ ಕಟ್ಟಿದ ಒಂದು ಬೆಳಿಗ್ಗೆ ಜಗಲಿಯ ಮೇಲೆ ಕೂತಿದ್ದೆ. ಮೇಷ್ಟ್ರ ಅಣ್ಣನ ಮಗ ಪರಮೇಶಿ ಬಸ್ಸಿಳಿದು ಬೇಗ ಬೇಗ ಬರುತ್ತಿದ್ದ. ಹೆಗಲ ಮೇಲಿನ ಟವೆಲು ಕಂಡದ್ದೇ, ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ:

“ಗಾಡಿ ಇಲ್ಲ ಕಣಪ್ಪ. ಆಕ್ಸಲ್ ಮುರ್ದೋಗೈತೆ.”

ಪರಮೇಶಿ ಜಗಲಿಯ ಅಂಚಿಗೆ ಕುಸಿದು ಕೂತ. “ಹೌದಾ? ತುಮಕೂರಲ್ಲಿ ಚಿಕ್ಕಪ್ಪ ಬೆಳಗ್ಗೆ ಹೋಗ್ಬುಟ್ರು ಕಣಣ್ಣ. ನಿನ್ನೇನೇ ಹೇಳಿದ್ರು. ‘ಚನ್ನಬಸಪ್ಪನ್ನ ಕರೀರಿ, ಅವ್ನು ಕೂರಿಸ್ಕೊಂಡು ಹೋಗ್ತಾನೆ’ ಅಂತ.”

ಮೇಷ್ಟ್ರು ಮಗಳ ಮನೆಗೆಂದು ತುಮಕೂರಿಗೆ ಹೋದದ್ದು ನನಗೆ ಗೊತ್ತಿತ್ತು, ಕಾಯಿಲೆಯೆಂದು ಗೊತ್ತಿರಲಿಲ್ಲ. ಆ ಗಳಿಗೆಯಲ್ಲಿ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಗರಿ ಸರಿಸಿ ಹೊರಟಿದ್ದರೆ ಮಧ್ಯಾಹ್ನದೊಳಗೆ ಅವರನ್ನು ಮುಟ್ಟುತ್ತಿದ್ದೆ. ಮೈ ಪೂರ್ತಿ ಸೆಟೆಯುವ ಮೊದಲೇ ಕಾಲು ಮಡಿಸಿ ಕೂರಿಸಿಕೊಳ್ಳಬಹುದಿತ್ತು. ಆದರೆ ಈಗ ನಿಜ ಹೇಳಿದರೆ ಹಿಂದಿನ ಮೂವರಿಗೆ ಹೇಳಿದ ಸುಳ್ಳೂ ಹೊರಬೀಳುತ್ತದೆ. ಮಾಯಸಂದ್ರಕ್ಕೆ ಸುದ್ದಿ ಹೋಗುತ್ತದೆ. ಇನ್ನು ಮೂರೇ ವಾರ. ಇಷ್ಟನ್ನೂ ನಾನು ಲೆಕ್ಕ ಹಾಕುತ್ತಿರುವಾಗಲೇ ಪರಮೇಶಿ ಎದ್ದ. “ಇರ್ಲಿ ಬುಡಣ್ಣ. ಯಾವುದಾದ್ರೂ ಲಾರಿ ನೋಡ್ತೀನಿ” ಎಂದು ಬಂದ ದಾರಿಯಲ್ಲೇ ಹೋದ. ನಾನು ತೋಟಕ್ಕೆ ಹೋದೆ. ಗರಿಯ ರಾಶಿಯ ಮುಂದೆ ನಿಂತೆ. ವಾಪಸು ಬಂದೆ.

ಸಂಜೆಗೆ ಮುಂಚೆ ಮೇಷ್ಟ್ರು ಲಾರಿಯಲ್ಲಿ, ಹುಲ್ಲಿನ ಮೇಲೆ ಮಲಗಿ ಬಂದರು. ಹಾಸು ಬಿಚ್ಚಿದಾಗ ಕಾಲುಗಳು ಎರಡು ಪಟ್ಟಿಗಳಂತೆ ಚಾಚಿಕೊಂಡಿದ್ದವು. ಬಿಸಿನೀರಿನ ಬಟ್ಟೆ ಒತ್ತಿದರು. ಇಬ್ಬರು ಮಂಡಿ ಹಿಡಿದರು, ಒಬ್ಬ ಬೆನ್ನಿಗೆ ಆತು ನಿಂತ. ಮಡಿಯಲಿಲ್ಲ. ಇನ್ನೂ ಬಲ ಹಾಕಲು ಹೋದಾಗ ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು ತಡೆದರು: “ಬ್ಯಾಡ. ಮುರೀಬ್ಯಾಡಿ. ಮಲಗಿಸೇ ಇಡಾನ. ಶಿವ ಒಪ್ಕೊತಾನೆ.” ಶಿವ ಒಪ್ಪಿದನೋ ಇಲ್ಲವೋ, ನೋಡಿದವರು ಯಾರೂ ಇಲ್ಲ. ನಾನು ಕಂಡದ್ದು ಇಷ್ಟು: ತೋಟದಲ್ಲಿ ಬೆಳಿಗ್ಗೆಯೇ ಚೌಕ ಗುಣಿ ತೋಡಿಟ್ಟಿದ್ದರು. ಅದು ಸಾಲದೆ ಉದ್ದ ಮಾಡಬೇಕಾಯಿತು. ಗುದ್ದಲಿಯನ್ನು ನಾನೇ ಕೇಳಿ ಇಸಿದುಕೊಂಡೆ. ತೆಂಗಿನ ಬೇರು ಕಡಿಯುತ್ತ, ಮಣ್ಣು ಎತ್ತುತ್ತ, ಅವರು ಚಾಚುವಷ್ಟು ಜಾಗ ಮಾಡಿದೆ. ಅವರ ತಂದೆ, ತಾತ ಎಲ್ಲರೂ ಕೂತಿರುವ ಆ ತೋಟದಲ್ಲಿ ಮಲಗಿರುವವರು ಅವರೊಬ್ಬರೇ.

ಕೈ ತೊಳೆಯುವಾಗ ಮೇಷ್ಟ್ರ ಹೆಂಡತಿ ನನ್ನ ಹತ್ತಿರ ಬಂದರು. ಅತ್ತು ಅತ್ತು ದನಿ ಕುಗ್ಗಿತ್ತು.

“ಗಾಡಿ ರಿಪೇರಿ ಆಯ್ತಾ ಮಗಾ?”

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಅವರು ನನ್ನ ಕಷ್ಟವನ್ನು ನಿಜವಾಗಿಯೂ ವಿಚಾರಿಸುತ್ತಿದ್ದರು. “ನಾಳೆ ಆಗ್ತದೆ ಅಮ್ಮ” ಎಂದೆ.

ಮರುದಿನ ಗರಿಗಳನ್ನು ಎಳೆದುಹಾಕಿ ವ್ಯಾನನ್ನು ತಿಪಟೂರಿನ ಪ್ಯಾರೂ ಸಾಬರ ಶೆಡ್ಡಿಗೆ ಒಯ್ದೆ. ಲಾರಿಗಳಿಗೆ ಬಾಡಿ ಕಟ್ಟುವುದರಲ್ಲಿ ಅವರದು ಪಳಗಿದ ಕೈ. ಇದನ್ನು ಭಕ್ತಿಯೆಂದು ಬರೆದವರಿಗೆ ನಾನು ಹೇಳುವುದಿಷ್ಟೇ: ಜಗಲಿಯ ಮುಂದೆ ನಿಂತವನಿಗೆ ಇನ್ನೊಂದು ಸಲ ಸುಳ್ಳು ಹೇಳಬೇಕಾದೀತೆಂಬ ಹೆದರಿಕೆ ಅದು. ಮುಂದಿನ ಸೀಟು ಇಕ್ಕಟ್ಟು, ಅಲ್ಲಿ ಎಲ್ಲರ ಕಾಲನ್ನೂ ಸರಿಯಾಗಿ ಮಡಿಸಲಾಗುತ್ತಿರಲಿಲ್ಲ. ಡಬ್ಬಿಯ ಮಾಡು ಕಡಿದು ಎತ್ತರಿಸಿದರೆ ಯಾರು ಬೇಕಾದರೂ ನೆಟ್ಟಗೆ ಕೂತು ಬರಬಹುದು. ಹಾಗೆ ಮಾಡಿದ ಮೇಲೆ ಆ ಗಾಡಿ ಮತ್ತೆಂದೂ ಕೊಬ್ಬರಿಯ ಗಾಡಿಯಾಗುವುದಿಲ್ಲ ಎಂಬುದೂ ನನಗೆ ತಿಳಿದಿತ್ತು. ಮರೆಮಾಚುವ ಆಸೆಯೇ ಉಳಿಯಬಾರದೆಂದು ಮಾಡಿದೆ.

ಸಾಬರು ಉಳಿ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಗಂಗಾಧರಪ್ಪನವರು ಶೆಡ್ಡಿನ ಬಾಗಿಲಿಗೆ ಬಂದರು. ಅಂಗಡಿಗೆ ಸಾಮಾನು ಕೊಳ್ಳಲು ತಿಪಟೂರಿಗೆ ಬಂದವರಿಗೆ ಪೇಟೆಯಲ್ಲಿ ಯಾರೋ ಸುದ್ದಿ ಮುಟ್ಟಿಸಿದ್ದರು.

“ಚನ್ನಬಸಪ್ಪ, ಏನಿದು? ಇನ್ನು ಇಪ್ಪತ್ತು ದಿನ ಇಲ್ಲ ಹಬ್ಬಕ್ಕೆ. ಈಗ್ಲೂ ಕಾಲ ಮಿಂಚಿಲ್ಲ. ಹಂಗೇ ಹೊರಗೆ ತೆಗೀರಿ ಗಾಡೀನ.”

ಸಾಬರು ನನ್ನ ಮುಖ ನೋಡಿದರು. “ಒಂದ್ಸಲ ಕಡಿದ್ರೆ ಮತ್ತೆ ಜೋಡ್ಸೋ ಮಾತಿಲ್ಲ ಕಣಪ್ಪ. ನೋಡ್ಕೊ. ಕಡೀಲಾ, ಬ್ಯಾಡ್ವಾ?”

“ಕಡೀರಿ ಸಾಬ್ರೇ.”

ಮೊದಲ ಏಟಿಗೆ ತಗಡು ಕಿರುಚಿತು. ಗಂಗಾಧರಪ್ಪನವರು ಅಲ್ಲಾಡದೆ ನಿಂತಿದ್ದರು.

“ಗಿರಿಜೆಗೆ ನಾನೇನು ಹೇಳ್ಲಿ?”

“ಆಕ್ಸಲ್ ಮುರಿದಿರ್ಲಿಲ್ಲ ಅಂತ ಹೇಳಿ.”

ಅವರಿಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ತರಿಸಿದ್ದ ಚಹಾವನ್ನು ಮುಟ್ಟದೆ ಬಸ್ ನಿಲ್ದಾಣದ ಕಡೆ ನಡೆದರು. ಮುಂದಿನ ಬೇಸಿಗೆಯಲ್ಲಿ ಗಿರಿಜೆಗೆ ಹಾಸನದ ಕಡೆ ಮದುವೆಯಾಯಿತೆಂದು ಕೇಳಿದೆ.

ಮಾಡು ಕಳಚಿ ಬೀಳಲು ಒಂದು ಗಂಟೆ ಹಿಡಿಯಿತು. ಡಬ್ಬಿಯೊಳಗೆ ಮೋಡದ ಬೆಳಕು ಬಂತು. ಸಾಬರು ಅಳತೆಪಟ್ಟಿ ಹಿಡಿದು, “ಎಷ್ಟೆತ್ತರ?” ಎಂದರು. ನಾನು ಕೈಯಲ್ಲಿ ತೋರಿಸಿದೆ.

“ಅಂದಾಜು ಬ್ಯಾಡ. ತಲೆ ತಾಗಿದ್ರೆ ನಾಳೆ ನನ್ನ ಬೈತಾರೆ. ಒಳಗೋಗಿ ಕೂತ್ಕೊ. ನಿಮ್ಮೋರು ಎಂಗೆ ಕೂರ್ತಾರೋ ಅಂಗೆ.”

ಬರಿಯ ತಗಡಿನ ಮೇಲೆ ಕಾಲು ಮಡಿಸಿ ಕೂತೆ. ಎಡ ಅಂಗೈಯನ್ನು ಮಡಿಲಲ್ಲಿ ತೆರೆದಿಟ್ಟೆ. ಸಾಬರು ತಮ್ಮ ತಲೆಯ ವಸ್ತ್ರ ಬಿಚ್ಚಿ ನನಗೆ ರುಮಾಲಿನಂತೆ ಸುತ್ತಿದರು.

“ಬೆನ್ನು ನೆಟ್ಟಗೆ. ಬದುಕಿರೋರು ಗೂನು ಹಾಕ್ತಾರೆ, ಅವ್ರು ಹಾಕಲ್ಲ.”

ನೆಟ್ಟಗಾದೆ.

“ಕಣ್ಣು ಮುಚ್ಚು, ತಗಡಿನ ಪುಡಿ ಬೀಳ್ತದೆ. ಉಸಿರು ಒಸಿ ಹಿಡಿ, ಪಟ್ಟಿ ಅಲ್ಲಾಡ್ತೈತೆ.”

ಕಣ್ಣು ಮುಚ್ಚಿ ಉಸಿರು ಹಿಡಿದೆ. ಪಟ್ಟಿಯ ತುದಿ ನೆಲಕ್ಕೆ ತಾಗಿದ ಸದ್ದಾಯಿತು. ತಲೆಯ ಮೇಲೆ ಅವರ ಅಂಗೈಯ ಭಾರ ಬಂತು. “ಹೂವಿಗೆ ಇನ್ನು ನಾಲ್ಕು ಬೆರಳು” ಎಂದು ತಮಗೆ ತಾವೇ ಹೇಳಿಕೊಂಡು, ಪಕ್ಕದ ತಗಡಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ಆಮೇಲೆ, “ಆಯ್ತು, ಎದ್ದೇಳಪ್ಪ” ಎಂದರು.

ಅದನ್ನು ಅವರು ಎರಡು ಸಲ ಹೇಳಬೇಕಾಯಿತು.